ನೀರೊಳಗಿನ ಹೊಲದಲ್ಲಿ ನಿಂತ ವಿಮಾನ

ಇಂಥ ಅನುಭವ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಮೂರು ವರ್ಷ ನಾನು ಮಾಡಿದ್ದು ಇದೇ ಕೆಲಸ. ಎದುರಿನವರು ‘ನಾನೇ ಕಣ್ಣಾರೆ ಕಂಡೆ’ ಅಂದ ಕೂಡಲೇ ಎದ್ದು ನಿಂತು, ಆಗ ಎಷ್ಟು ಬೆಳಕಿತ್ತು, ಜೊತೆಗೆ ಯಾರಿದ್ದರು, ಬರೆದಿಟ್ಟುಕೊಂಡಿದ್ದೀರಾ ಎಂದು ಕೇಳಿ ಕೂರಿಸಿಬಿಡುವುದು. ಹಾಗಾಗಿ ಆ ಮೂರಕ್ಕೂ ಮೊದಲೇ ಉತ್ತರ ಕೊಡುತ್ತೇನೆ. ಮೇ ತಿಂಗಳ ನಡು ಮಧ್ಯಾಹ್ನ. ಮನೆಯಲ್ಲಿ ಅವ್ವ ಮತ್ತು ಅವ್ವನ ಅಣ್ಣ, ಅಂದರೆ ನನ್ನ ಮಾಮಾ ಇದ್ದರು. ಅಂಕಿಗಳನ್ನು ಅದೇ ಗಳಿಗೆಯಲ್ಲಿ ಬರೆದಿಟ್ಟಿದ್ದೇನೆ, ಚೀಟಿ ಈಗಲೂ ನನ್ನ ಹತ್ತಿರ ಇದೆ. ಇಷ್ಟಾದರೂ ನಾನೇ ಎದುರು ಪಕ್ಷದಲ್ಲಿದ್ದಿದ್ದರೆ ನನ್ನ ಮಾತನ್ನು ನಂಬುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆ. ಮುದ್ದೇಬಿಹಾಳದ ನಮ್ಮ ಮನೆಗೆ ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು. ನನಗೆ ಹಿಡಿದ ಹುಚ್ಚು ವಿಮಾನ ಹಾರಿಸುವ ಆಟದ್ದು. ಆಟ ಅಂದರೆ ಗುಂಡು ಹಾರಿಸುವ ಆಟವಲ್ಲ. ನಿಜವಾದ ವಿಮಾನದಲ್ಲಿರುವಂತೆ ಮುಳ್ಳು, ಗುಂಡಿ, ಗಾಳಿ, ಎಲ್ಲ ಇರುತ್ತದೆ. ಜಗತ್ತಿನ ಯಾವ ಮೂಲೆಗಾದರೂ ಹಾರಬಹುದು. ಬೆಳಗಾವಿಯಿಂದ ಎದ್ದು ಹೈದರಾಬಾದಿಗೆ ಹೋಗಿ ಇಳಿಯಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕು, ನಡುವೆ ಕರೆಂಟ್ ಹೋಗಬಾರದು. ನಡುದಾರಿಯಲ್ಲಿ ನಮ್ಮ ಊರಿನ ಮೇಲೆ ಹಾದರೆ ಕಾಣುವುದು ಕಂದು ಬಯಲು, ಅಲ್ಲೊಂದು ಇಲ್ಲೊಂದು ಗಿಡ, ದಕ್ಷಿಣಕ್ಕೆ ಕೃಷ್ಣೆಯ ಒಂದು ನೀಲಿ ಗೆರೆ. ಅಷ್ಟೇ.

ಮಾಮಾ ಇರುವುದು ನಿಡಗುಂದಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ. ಅವನ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರು ಸ್ವಂತ ಹೊಲದಲ್ಲೇ ಹೂಳುತ್ತಾರೆ. ನಮ್ಮ ಆಯಿಯನ್ನು, ಅಂದರೆ ಮಾಮಾನ ತಾಯಿಯನ್ನು, ಹೊಳೆದಂಡೆಯ ಹೊಲದಲ್ಲಿ ಹೂಳಿ, ಗುರುತಿಗೆಂದು ಅವಳ ಬೀಸುಕಲ್ಲಿನ ಮೇಲಿನ ಕಲ್ಲನ್ನೇ ಇಟ್ಟಿದ್ದರು. ಕೆಳಗಿನ ಕಲ್ಲು ಮನೆಯಲ್ಲಿ ಉಳಿದು, ಆಮೇಲೆ ಮಾಮಾನ ಸಾಮಾನಿನ ಜೊತೆ ಹೊಸ ಊರಿಗೆ ಬಂತು. ಊರು ಬಿಡುವಾಗ ಎಲ್ಲರೂ ತಮ್ಮ ಹಿರಿಯರ ಗದ್ದಿಗೆಯಿಂದ ಒಂದು ಹಿಡಿ ಮಣ್ಣು ತಂದರು. ಮಾಮಾ ಸಾಮಾನಿನ ಲಾರಿಯ ಜೊತೆ ಮುಂದೆ ಹೋಗಿದ್ದ. ಮರಳಿ ಬರುವಷ್ಟರಲ್ಲಿ ಹೊಲಕ್ಕೆ ನೀರು ನುಗ್ಗಿತ್ತು.

ಅಂದಿನಿಂದ ಪ್ರತಿ ಬೇಸಿಗೆ, ನೀರು ಇಳಿದು ಕೆಸರು ಬಯಲಾದಾಗ, ಮಾಮಾ ಹಾರೆ ಹಿಡಿದು ಅಲ್ಲಿಗೆ ಹೋಗುತ್ತಿದ್ದ. ಬದು, ಗಿಡ, ಬಾವಿ ಏನೂ ಉಳಿದಿರಲಿಲ್ಲ. ದಂಡೆ ಕುಸಿದು ಹೊಳೆಯ ತಿರುವೂ ಗುರುತು ಸಿಗುತ್ತಿರಲಿಲ್ಲ. ಎಲ್ಲಿಯದೋ ಹಿಡಿ ಮಣ್ಣು ಕಟ್ಟಿಕೊಂಡು ಬರುವುದು, ಎರಡು ದಿನ ದೇವರ ಜಗುಲಿಯ ಮೇಲೆ ಇಡುವುದು, ಮೂರನೆಯ ದಿನ ‘ಇದು ಅವ್ವನ ಮಣ್ಣಲ್ಲ’ ಎಂದು ಚೆಲ್ಲುವುದು. ತಾನು ಸತ್ತಾಗ ಆ ಮಣ್ಣು ತನ್ನ ಕುಣಿಯಲ್ಲಿ ಬೀಳಬೇಕು ಎಂಬುದೊಂದೇ ಅವನ ಹಂಬಲ.

ಆ ಮಧ್ಯಾಹ್ನ ಮಾಮಾ ಯಾವುದೋ ಮದುವೆಯ ಕಾರ್ಡು ಕೊಡಲು ಬಂದವನು ಊಟ ಮಾಡಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತ. ವಿಮಾನ ಕೃಷ್ಣೆಯ ಮೇಲಿತ್ತು.

“ಇದು ಹೊಳಿ ಹೌದಲ್ಲೋ ಅಳ್ಯಾ? ಡ್ಯಾಮಿನ ನೀರು ಎಲ್ಲೈತಿ?”

“ಇದು ಡ್ಯಾಮ್ ಕಟ್ಟೂಕಿಂತ ಮೊದಲಿನ ನಕಾಶ ಮಾಮಾ.”

ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. “ಅಂದ್ರ ಇದರಾಗ ನಮ್ಮೂರು ಇನ್ನೂ ಮುಳಗಿಲ್ಲ.”

ಊರೇ ಇದರಲ್ಲಿ ಇಲ್ಲ, ಗಿಡಗಳನ್ನು ಕಂಪ್ಯೂಟರ್ ಬೇಕಾದಲ್ಲಿ ಚೆಲ್ಲುತ್ತದೆ, ಬಯಲಿನ ಬಣ್ಣವೂ ಸುಳ್ಳು ಎಂದೆಲ್ಲ ಹೇಳಿದೆ. ಅವನು ಕೇಳಲಿಲ್ಲ. ಹೊಳೆಯ ಒಂದು ತಿರುವನ್ನು ಬೆರಳಿನಿಂದ ತೋರಿಸಿ, “ಇಲ್ಲೇ ನಮ್ಮ ಎತ್ತು ನೀರು ಕುಡೀತಿದ್ವು. ಇಳಸು” ಎಂದ. ಇಳಿಸಿದೆ. ಮತ್ತೆ ಎಬ್ಬಿಸಲು ಹೋದರೆ ಕೈ ಹಿಡಿದ. “ಯಾಕ ಹಾರಸ್ತಿ? ನಾ ಎಂದರ ಹಾರಿ ಹೊಲಕ್ಕ ಹೋಗೇನೇನು? ನಡಸು. ಹೊಳಿ ಬೆನ್ನಿಗೆ ಹಾಕ್ಕೊಂಡು ನೀಟ ನಡಸು.”

“ಎಷ್ಟು ದೂರ?”

“ಒಂದು ಎಲಿ ದಾರಿ.”

ಹೊಳೆಯಲ್ಲಿ ಎತ್ತು ಮೈತೊಳೆದು, ಎಲೆ-ತಂಬಾಕು ಹಾಕಿಕೊಂಡು ಹೊರಟರೆ ಅದು ಮುಗಿಯುವಷ್ಟರಲ್ಲಿ ಹೊಲ ಬರುತ್ತಿತ್ತಂತೆ. ನಾನು ನಕ್ಕೆ. ಒಳಗಿನಿಂದ ಅವ್ವ, “ನಗಬ್ಯಾಡೋ, ಅಂವಾ ಹೇಳಿದಂಗ ಮಾಡು” ಅಂದಳು. ಮಾಮಾ ಸಂಚಿ ಬಿಚ್ಚಿ ಎಲೆ ಮಡಚಿ ಬಾಯಿಗೆ ಹಾಕಿಕೊಂಡ. ನಾನು ವಿಮಾನವನ್ನು ಎತ್ತಿನ ಬಂಡಿಯ ವೇಗಕ್ಕೆ ತಂದು ಬಯಲಲ್ಲಿ ಉತ್ತರಕ್ಕೆ ಹೊಡೆಯತೊಡಗಿದೆ. ಹೊರಟ ಸಮಯ ಬರೆದುಕೊಳ್ಳಲಿಲ್ಲ. ಲೆಕ್ಕದಲ್ಲಿ ಆ ದಿನ ನಾನು ಮಾಡಿದ ತಪ್ಪು ಅದೊಂದೇ.

ಸ್ವಲ್ಪ ಹೊತ್ತಿನ ಮೇಲೆ ಮಾಮಾ ಎದ್ದು, ಉಗುಳಿ ಬರಲು ಹಿತ್ತಿಲಿಗೆ ಹೋದ. ಹಿತ್ತಿಲ ಬಾಗಿಲು ಸರಿದ ಸಪ್ಪಳ ಕೇಳಿತು. ಆಗ ವಿಮಾನ ನಿಂತಿತು.

ನಾನು ನಿಲ್ಲಿಸಲಿಲ್ಲ. ಬ್ರೇಕ್ ಹಾಕಿದ್ದರೆ ಕೆಳಗೆ ಕೆಂಪಕ್ಷರ ಬರುತ್ತದೆ, ಬಂದಿರಲಿಲ್ಲ. ಏನಕ್ಕಾದರೂ ಬಡಿದಿದ್ದರೆ ಆಟ ಮುಗಿಯುತ್ತದೆ, ಮುಗಿದಿರಲಿಲ್ಲ. ಕಂಪ್ಯೂಟರ್ ಸಿಕ್ಕಿಕೊಂಡಿದೆ ಎಂದರೆ ಗಡಿಯಾರದ ಸೆಕೆಂಡು ಓಡುತ್ತಿತ್ತು, ಮುಂದಿನ ಪಂಖ ತಿರುಗುತ್ತಿತ್ತು. ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟೆ. ಸದ್ದು ಏರಿ ಸ್ಪೀಕರ್ ಒಡೆಯುವಂತಾಯಿತು. ನೆಲ ಒಂದು ಗೇಣೂ ಸರಿಯಲಿಲ್ಲ. ಎದುರಿಗೆ ಏನೂ ಇರಲಿಲ್ಲ, ಬರೀ ಕಂದು ಬಯಲು.

ಹಿತ್ತಿಲಿನಿಂದ ಮಾಮಾನ ದನಿ ಬಂತು. “ನಿಂತಿತೇನೋ?”

ನಿಂತಿದ್ದು ಅವನಿಗೆ ಹೇಗೆ ಗೊತ್ತಾಯಿತು? ಎಲೆ ಮುಗಿದಿರಬೇಕು, ಅದಕ್ಕೇ ಕೇಳಿದ ಎಂದು ನಾನೇ ಉತ್ತರ ಕೊಟ್ಟುಕೊಂಡೆ. ಪರದೆಯ ಮೇಲಿನ ಅಕ್ಷಾಂಶ, ರೇಖಾಂಶಗಳನ್ನು ಚೀಟಿಯಲ್ಲಿ ಬರೆದುಕೊಂಡೆ, ಆಟವನ್ನು ಅದೇ ಸ್ಥಿತಿಯಲ್ಲಿ ಸೇವ್ ಮಾಡಿದೆ. ಒಂದೆರಡು ನಿಮಿಷಕ್ಕೆ ಕರೆಂಟ್ ಹೋಯಿತು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಾಮಾನ ಮುಖದಲ್ಲಿ ಆಸೆ ಕಂಡು ನನಗೆ ಸಿಟ್ಟು ಬಂತು. “ಇದೇ ಜಾಗಕ್ಕ ಹೋಗಿ ಅಗಿಯೂಣು. ಏನೂ ಸಿಗಲಿಲ್ಲಂದ್ರ ಇನ್ನಮ್ಯಾಲೆ ಆ ಕೆಸರಿಗೆ ಹೋಗೂದು ಬಿಡಬೇಕು. ಒಪ್ಪಿಗಿ ಏನು?” ಎಂದೆ. ಅವನು ಗೋಣು ಹಾಕಿದ. ಅವ್ವ ಮಾತ್ರ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, “ಗೆಲ್ಲಾಕ ನಿನಗ ಬ್ಯಾರೆ ಯಾರೂ ಸಿಗಲಿಲ್ಲೇನು?” ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೂವರು ಹೋದೆವು. ಮೂರನೆಯವನು ಮೆಹಬೂಬ, ನನ್ನ ಗೆಳೆಯ, ಕಾಲುವೆ ಕೆಲಸದ ಇಂಜಿನಿಯರ್. ಅವನ ಹತ್ತಿರ ಅಂಗೈಯಗಲದ ಜಿಪಿಎಸ್ ಯಂತ್ರವಿತ್ತು. ಬಯಲಿನ ತುಂಬ ಬಿರುಕುಬಿಟ್ಟ ಕೆಸರು, ಶಂಖದ ಹುಳುಗಳ ಚಿಪ್ಪು, ಹರಿದ ಬಲೆ. ಚೀಟಿಯ ಅಂಕಿ ಹಿಡಿದು ನಡೆದಂತೆ ಮಾಮಾನ ಮುಖ ಸಪ್ಪಗಾಯಿತು.

“ಇದಲ್ಲ. ನಾ ವರ್ಷಾ ಹುಡಕೂದು ಅಕಾ, ಆ ಕಡಿ” ಎಂದು ಮೂಡಣದ ಕಡೆ ಬಹಳ ದೂರ ಕೈ ಮಾಡಿದ.

“ಕಾಕಾ, ಬಂದದ್ದು ಬಂದೇವಿ. ಒಂದು ಗುದ್ದು ಹಾಕ್ರಿ” ಎಂದ ಮೆಹಬೂಬ. “ಯಂತ್ರ ಇಲ್ಲೇ ಅಂತ ಹೇಳಾಕತ್ತೈತಿ. ಹತ್ತು ಹೆಜ್ಜಿ ಆಕಡಿ ಈಕಡಿ.”

ನನಗೆ ಒಳಗೊಳಗೇ ಗೆದ್ದ ಸಮಾಧಾನ. ಮೆಹಬೂಬ, ನಾನು ಸರದಿಯಲ್ಲಿ ಹಾರೆ ಹಾಕಿದೆವು. ಏಳನೆಯದೋ ಎಂಟನೆಯದೋ ಕಡೆ, ಮೊಣಕೈ ಆಳದಲ್ಲಿ, ಹಾರೆ ಕಲ್ಲಿಗೆ ಬಡಿಯಿತು. ಮಾಮಾ ನಮ್ಮನ್ನು ಸರಿಸಿ ಮೊಣಕಾಲೂರಿ ಕೈಯಿಂದಲೇ ಕೆಸರು ತೆಗೆದ. ದುಂಡನೆಯ ಕಲ್ಲು, ನಡುವೆ ತೂತು, ಅಂಚಿನಲ್ಲಿ ಗೂಟದ ಕುಳಿ. ಅವನು ಕಲ್ಲಿನ ಕೆಳಗಿನ ಮಣ್ಣನ್ನು ಟಾವೆಲಿಗೆ ಹಾಕಿ ಗಂಟು ಕಟ್ಟಿದ.

ಹೊಳೆದಂಡೆಯ ಎಲ್ಲ ಊರುಗಳಲ್ಲೂ ಬೀಸುಕಲ್ಲು ಇರುತ್ತವೆ, ಇದು ಯಾರದೋ ಎಂದು ನಾನು ಆಗಲೂ ವಾದಿಸಿದೆ. ಹೊತ್ತು ತಂದ ಆ ಕಲ್ಲನ್ನು ಸಂಜೆ ತನ್ನ ಮನೆಯಲ್ಲಿ ಕೆಳಗಿನ ಕಲ್ಲಿನ ಮೇಲಿಟ್ಟು ಮಾಮಾ ಒಂದು ಸುತ್ತು ತಿರುಗಿಸಿದ. ಕೆಳಗಿನದರಲ್ಲಿ ಒಂದು ಕಡೆ ಸವೆದು ತಗ್ಗಾಗಿತ್ತು, ಮೇಲಿನದು ಅದೇ ತಗ್ಗಿನಲ್ಲಿ ಹೋಗಿ ಕೂತಿತು.

ಆ ರಾತ್ರಿ ನಾನು ನಿದ್ದೆ ಮಾಡಿದೆ, ಯಾಕೆಂದರೆ ವಿವರಣೆ ಸಿಕ್ಕಿತ್ತು. ಹಳೆಯ ಹೊಳೆಯ ತಿರುವು ಆಟದ ನಕಾಶೆಯಲ್ಲಿತ್ತು, ದೂರ ಮಾಮಾನ ಬಾಯಲ್ಲಿತ್ತು. ಎಲೆ ಮುಗಿಯುವ ಹೊತ್ತು ಗುಣಿಸು ಎತ್ತಿನ ವೇಗ. ಲೆಕ್ಕ ಸರಿ. ಹದಿನೈದು ದಿನದ ನಂತರ, ಅದನ್ನು ಇನ್ನೂ ಗಟ್ಟಿ ಮಾಡೋಣವೆಂದು, ಮೆಹಬೂಬನ ಕಚೇರಿಯಲ್ಲಿದ್ದ, ಡ್ಯಾಮಿಗಿಂತ ಮೊದಲಿನ ಸರ್ವೆ ನಕಾಶೆಯ ಅಂಕಿಗಳನ್ನು ಆಟದ ಹೊಳೆಯ ಜೊತೆ ಹೋಲಿಸಿದೆ. ಆಟದ ಹೊಳೆ ತಪ್ಪಿತ್ತು. ನಿಜವಾದ ಜಾಗಕ್ಕಿಂತ ಉತ್ತರಕ್ಕೆ, ಹೊಲದ ಕಡೆಗೆ, ಹೆಚ್ಚುಕಡಿಮೆ ಅರ್ಧ ಎಲೆ ದಾರಿಯಷ್ಟು ಸರಿದಿತ್ತು. ಅಲ್ಲಿಂದ ಒಂದು ಎಲೆ ದಾರಿ ಹೋಗಿದ್ದರೆ ಗದ್ದಿಗೆಯನ್ನು ದಾಟಿ ಬಹಳ ಮುಂದೆ ಹೋಗಬೇಕಿತ್ತು. ಹೋಗಿರಲಿಲ್ಲ. ಸೇವ್ ಮಾಡಿದ್ದನ್ನು ತೆರೆದೆ. ತುಸು ಬಲ ಕೊಟ್ಟ ಕೂಡಲೇ ವಿಮಾನ ಆ ಜಾಗದ ಮೇಲೆ ಸರಾಗವಾಗಿ ಹಾದುಹೋಯಿತು. ಎಷ್ಟು ಸಲ ಮಾಡಿದರೂ ಹಾದುಹೋಗುತ್ತದೆ.

ಮಾಮಾ ಎರಡು ವರ್ಷದ ಮೇಲೆ ಹಾಸಿಗೆ ಹಿಡಿದ. ನೋಡಲು ಹೋದಾಗ, ಬೇರೆ ಮಾತು ತೋಚದೆ, ಆ ಲೆಕ್ಕ ಹೇಳಿದೆ. ಹೊಳೆ ತಪ್ಪಿತ್ತು ಮಾಮಾ, ಎಲೆ ಮುಗಿಯುವ ತನಕ ನಡೆಸಿದ ಮೇಲೆ ನಾವು ಗದ್ದಿಗೆ ದಾಟಿ ಮುಂದೆ ಹೋಗಿರಬೇಕಿತ್ತು ಎಂದೆ.

“ಎಲಿ ಎಲ್ಲಿ ಮುಗದಿತ್ತೋ?” ಎಂದ. “ಅರ್ಧಾ ಇನ್ನೂ ಬಾಯಾಗಿತ್ತು.”

“ಮತ್ಯಾಕ ಉಗಳಾಕ ಎದ್ದಿ?”

ಅವನು ಜಗುಲಿಯ ಮೇಲಿನ ಟಾವೆಲಿನ ಗಂಟನ್ನು ನೋಡುತ್ತಿದ್ದ. ಆ ಗಂಟನ್ನು ಅವನು ಚೆಲ್ಲಿರಲಿಲ್ಲ.

“ಅವ್ವನ ಮುಂದ ನಾ ಎಂದೂ ಎಲಿ ಅಗದಾಂವಲ್ಲ” ಎಂದ.

ಅವನನ್ನು ಮಣ್ಣು ಮಾಡಿದ ದಿನ ಆ ಗಂಟು ಬಿಚ್ಚಿ ಮೊದಲ ಹಿಡಿ ಹಾಕಿದವನು ನಾನು. ಅರ್ಧ ಎಲೆಯ ಲೆಕ್ಕ ಈಗ ಅಂಕಿಗೆ ಅಂಕಿ ಕೂಡುತ್ತದೆ. ಕೂಡದೆ ಇದ್ದಿದ್ದರೆ ನನಗೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ.