ಫೋಟೋ ಛಲೋ ಬಂದೈತಿ

ಮಗುವಿನ ಎದೆ ಮುಟ್ಟುವ ಮೊದಲು ಅವರು ಎರಡೂ ಅಂಗೈಗಳನ್ನು ತಮ್ಮ ಹೊಟ್ಟೆಗೆ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಮಹಾಲಿಂಗಪುರದ ಬಸ್ ನಿಲ್ದಾಣದ ಹಿಂದಿನ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಮಕ್ಕಳಿಗೆಲ್ಲ ಫೋಟೋ ಮಾಮಾ. ಕೂಸು ಅತ್ತರೆ ಗೋಡೆಯ ಮರೆಯಿಂದ ಹುಂಜದಂತೆ ಕೂಗಿ, ಅದು ಬೆರಗಾಗಿ ಸುಮ್ಮನಾದೊಡನೆ ಗುಂಡಿ ಒತ್ತುತ್ತಿದ್ದರು. ಚಿತ್ರ ಅಲುಗಾಡದೆ ಮೂಡಿತೋ, ಅವರಿಗೆ ಹಬ್ಬ. "ಫೋಟೋ ಛಲೋ ಬಂದೈತ್ರೀ!" ಎಂದು ಬಾಗಿಲಿಗೆ ಬಂದು ಸಾರುತ್ತಿದ್ದರು.

ಆ ಮಾತನ್ನು ನನ್ನ ಅಕ್ಕನಿಗೂ ಹೇಳಿದರು. ಅಕ್ಕನನ್ನು ಕೊಟ್ಟದ್ದು ರಬಕವಿಯ ಮಗ್ಗದ ಮನೆಗೆ. ಮೂರು ವರ್ಷದ ಮಗನಿಗೆ ಜ್ವರ, ಕೆಮ್ಮು ಬಿಟ್ಟಿರಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಲು ಸಂಜೆ ಬರುವವರಿದ್ದರು. ಅಕ್ಕ ಅಲ್ಲಿಯವರೆಗೆ ಕೂರಲಿಲ್ಲ. "ಛಲೋ ಬಂದೈತಂತ ಅವರ ಹೇಳ್ಯಾರಲ್ಲ, ಇನ್ನ ಯಾಕ ಕುಂಡ್ರೂದು?" ಎಂದು ನನಗೆ ಫೋನಿನಲ್ಲಿ ನಗುತ್ತ ಹೇಳಿ, ಎಕ್ಸ್‌ರೇ ಹಾಳೆ ಹಿಡಿದುಕೊಂಡು ಬಸ್ ಹತ್ತಿದಳು.

ಫೋಟೋ ಛಲೋ ಬಂದಿತ್ತು, ಖರೆ. ಬಲಗಡೆ ಎದೆಯಲ್ಲಿ ನೀರು ತುಂಬಿದ್ದು ನಿಚ್ಚಳವಾಗಿ ಕಾಣುತ್ತಿತ್ತು. ನಾಲ್ಕು ದಿನ ಕಳೆದು ಮಗು ಏದುಸಿರು ಬಿಡತೊಡಗಿದಾಗ ಬೆಳಗಾವಿಗೆ ಓಡಿದೆವು. ಅಲ್ಲಿನ ಡಾಕ್ಟರು ಆ ಹಾಳೆಯನ್ನು ಬೆಳಕಿಗೆ ಹಿಡಿದು, "ಇದನ್ನ ಯಾರೂ ನೋಡಲಿಲ್ಲೇನ್ರಿ?" ಎಂದರು. ಹೊತ್ತು ಮೀರಿತ್ತು.

ಮಣ್ಣು ಕೊಟ್ಟ ಮರುದಿನ ಫೋಟೋ ಮಾಮಾ ಬಂದರು. "ತಂಗೆವ್ವಾ, ನಾ ಕೂಸಿಂದ ಅಂದಿದ್ದಿಲ್ಲವ್ವಾ, ಫೋಟೋದ್ದ ಅಂದಿದ್ದೆ." ಅಕ್ಕ ಬಾಗಿಲು ಹಾಕಿಕೊಂಡಳು. ಅವರದೇನು ತಪ್ಪು ಎಂದು ಊರೇ ಹೇಳಿತು. ಯಾರದೂ ಅಲ್ಲದ ತಪ್ಪಿಗೆ ನಮ್ಮ ಕೂಸೇ ಹೋಗಬೇಕಿತ್ತೇ? ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಅವರು ಛಲೋ ಎಂಬ ಶಬ್ದವನ್ನೇ ಬಿಟ್ಟರು. ಚಹಾ ಹೇಗಿದೆ ಎಂದು ಕೇಳಿದರೂ "ಅಡ್ಡಿಯಿಲ್ಲ" ಅನ್ನುತ್ತಿದ್ದರಂತೆ. ನನ್ನ ಮಗಳಿಗೆ ಕೆಮ್ಮು ಹತ್ತಿದಾಗ ಬೇರೆ ದಾರಿಯಿಲ್ಲದೆ ಅವರಲ್ಲಿಗೇ ಹೋದೆ. ಅಂಗೈ ಬಿಸಿ ಮಾಡಿಕೊಂಡರು; ಹುಂಜ ಮಾತ್ರ ಕೂಗಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಡಲೂ ಇಲ್ಲ. "ಡಾಕ್ಟರ್ ಬರೋತನಾ ಕುಂಡ್ರಬೇಕ್ರಿ. ಹೊಂಟ್ರ ನಾ ಬಸ್ಸಿಗೆ ಅಡ್ಡ ಮಲಗತೇನಿ" ಎಂದರು. ಕೂತೆ. ನ್ಯುಮೋನಿಯಾ ಆಗಿತ್ತು. ಬೇಗ ಗೊತ್ತಾದದ್ದಕ್ಕೆ ಮಗಳು ಉಳಿದಳು. ಆ ಋಣ ಗಂಟಲಿನ ಮುಳ್ಳಾಗಿದೆ. ಅಕ್ಕನ ಎದುರು ಬಾಯಿಬಿಟ್ಟು ಹೇಳಲಾರೆ.

ಹೋದ ತಿಂಗಳು ಅವರು ತೀರಿಕೊಂಡರು. ಮನೆಗೆ ಹೋಗಿ ಕೈಮುಗಿದು, ಅಲ್ಲಿಂದ ರಬಕವಿಗೆ ಹೋದೆ. ಫೋಟೋ ಮಾಮಾ ಹೋದರು, ಗೋಡೆಗೆ ಅವರ ಫೋಟೋ ಹಾಕಿ ಹಾರ ಹಾಕಿದ್ದಾರೆ ಎಂದು ಅಕ್ಕನಿಗೆ ಹೇಳಿದೆ. ಅವಳು ನೂಲಿನಿಂದ ಕಣ್ಣೆತ್ತದೆ ಕೇಳಿದಳು:

"ಫೋಟೋ ಛಲೋ ಬಂದೈತೇನ?"