ಎಳಿ ಬಿಟ್ಟೈತ್ರಿ

ನವಲಗುಂದದ ನಮ್ಮ ಜಮಖಾನ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ, ನೇಯುವವರ ಮನೆಯ ಸೊಸೆಯೊಬ್ಬಳು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಜಮಖಾನದಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ತಪ್ಪು ಕಂಡರೆ ಅದರ ಮೇಲೆ ಅಂಗೈಯಾಡಿಸಿ, "ಎಳಿ ಬಿಟ್ಟೈತ್ರಿ ಕಾಕಾ" ಎನ್ನುತ್ತಿದ್ದಳು. ನೇಯ್ಗೆಯಲ್ಲಿ ನೂಲಿನ ಎಳೆ ತಪ್ಪಿದಾಗ ನಮ್ಮವರು ಆಡುವ ಮಾತದು.

ಮನೆಮನೆಯವರು ಹೊರಗೆ ತೋರಿಸದ ವಿನ್ಯಾಸಗಳನ್ನೆಲ್ಲ ಪುಕ್ಕಟೆ ಸಿಗುವ ಒಂದು ಡೇಟಾಬೇಸ್‌ನಲ್ಲಿ ಇಟ್ಟಿದ್ದೆವು. ಪಾಸ್‌ವರ್ಡಿನ ಜಾಗದಲ್ಲಿ ಬರೀ ಚುಕ್ಕೆ ಒತ್ತಿದರೂ ಅದು ತೆರೆಯುವುದನ್ನು ಅವಳು ಒಂದು ದಿನ ತೋರಿಸಿದಳು. ದೋಷ ಸಾಫ್ಟ್‌ವೇರಿನದೇ, ಮಾಡಿದವರಿಗೆ ಬರೆಯುತ್ತೇನೆ ಎಂದಳು.

"ಪುಕ್ಕಟೆ ಮಾಲಿಗೆ ತಕರಾರೇನವಾ? ಹೊರಗ ಗೊತ್ತಾದ್ರ ಸಂಘದ ಮಾನ ಹೋಗ್ತೈತಿ. ಬಾಯಿ ಮುಚ್ಚಿ ಕೂಡು," ಎಂದು ಗದರಿದೆ.

"ನೇಯ್ದವರಿಗಿ ಹೇಳಲಿಲ್ಲಂದ್ರ ಎಳಿ ಹೆಂಗ ಕೂಡ್ತೈತ್ರಿ?" ಎಂದವಳು ಬರೆದೇಬಿಟ್ಟಳು.

ಹದಿನೈದು ದಿನಕ್ಕೆ ತಿದ್ದುಪಡಿ ಬಂತು. ಅದನ್ನು ಹಾಕಿ, "ಈಗ ತೆಗೀರಿ ನೋಡೂಣು!" ಎಂದಳು. ಚುಕ್ಕೆ ಒತ್ತಿ ಒತ್ತಿ ನನ್ನ ಬೆರಳು ಸೋತಿತು, ಡೇಟಾಬೇಸ್ ತೆರೆಯಲಿಲ್ಲ. ದೇಶದೇಶಗಳಲ್ಲಿ ಅದನ್ನು ಬಳಸುವವರಿಗೆಲ್ಲ ಅದೇ ತಿದ್ದುಪಡಿ ಹೋಗಿತ್ತು.

ದೋಷ ಹಿಡಿದವರೆಂದು ಅವಳು ಕೊಟ್ಟದ್ದು ಸಂಘದ ಹೆಸರನ್ನು. ಹಾಗಾಗಿ ಊರವರು ಸನ್ಮಾನ ಮಾಡಿ ಶಾಲು ಹೊದಿಸಿದ್ದು ಕಾರ್ಯದರ್ಶಿಯಾದ ನನಗೆ. ಬರೆಯಬೇಡವೆಂದು ಗದರಿದವನು ನಾನೇ ಎಂದು ಹೇಳದೆ ಹೊದ್ದುಕೊಂಡೆ. ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಹೋದ ವಾರ ಸಂಘದ ಸಭೆಯಲ್ಲಿ ಎಲ್ಲವನ್ನೂ ಹೇಳಿ, ಆ ಶಾಲನ್ನು ಅವಳಿಗೆ ಹೊದಿಸಿದೆ. ಅವಳು ಅದರ ಮೇಲೆ ಅಂಗೈಯಾಡಿಸಿ ನಕ್ಕಳು.

"ಈಗ ಕೂಡಿತ್ರಿ ಕಾಕಾ."