ನೀಲಕ್ಕನ ಆಪರೇಷನ್

ನೀಲಕ್ಕ ಹಿಂದಿ ಮಾತಾಡಲು ಹೆದರಿದ್ದನ್ನು ನಾನು ಕಂಡೇ ಇಲ್ಲ. ಅವಳಿಗೆ ಗೊತ್ತಿದ್ದ ಪದಗಳು ಬೆರಳೆಣಿಕೆಯಷ್ಟು. ಕನ್ನಡದಲ್ಲಿ ಯೋಚಿಸಿದ್ದನ್ನು ಆ ಪದಗಳಲ್ಲೇ ಹೇಗೋ ತುರುಕಿ, ಗಟ್ಟಿ ದನಿಯಲ್ಲಿ ಹೇಳಿಬಿಡುತ್ತಿದ್ದಳು. ಒಮ್ಮೆ ಕಾಯಿಸುವಾಗ ಹಾಲು ಒಡೆಯಿತು. ಸೀದಾ ಹಾಲಿನ ಬೂತಿಗೆ ಹೋಗಿ "ದೂಧ್ ಟೂಟ್ ಗಯಾ" ಎಂದಳು. ಆಗೆಲ್ಲ ಹಾಲು ಬರುತ್ತಿದ್ದುದು ಗಾಜಿನ ಬಾಟಲಿಯಲ್ಲಿ. ಚೂರುಗಳೆಲ್ಲಿ ಎಂದು ಬೂತಿನವಳು ಕೇಳಿದಳು. "ಬಾಟ್ಲಿ ಅಚ್ಛಾ ಹೈ, ದೂಧ್ ಟೂಟಾ" ಎಂದು ನೀಲಕ್ಕ ಪಟ್ಟು ಹಿಡಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರೂ ಜಗ್ಗಲಿಲ್ಲ, ಬೇರೆ ಬಾಟಲಿ ಇಸಿದುಕೊಂಡೇ ಬಂದಳು.

ಮುಂಬಯಿಯ ಚೆಂಬೂರಿನ ಚಾಳಿನಲ್ಲಿ ನಮ್ಮ ಪಕ್ಕದ ಒಂಟಿ ಕೋಣೆಯ ಖೋಲಿ ಅವಳದು. ಗಂಡ ಬಸಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು. ಅವರು ಗದಗದ ಕಡೆಯವರು, ನಾವು ಉಡುಪಿಯವರು. "ನೀವು ಪುಸ್ತಕ ಓದಿದಂಗ ಮಾತಾಡ್ತೀರಿ" ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದಳು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ.

ಎರಡು ಸಲ ಹೆತ್ತಿದ್ದಳು, ಒಂದು ತವರಿನಲ್ಲಿ, ಇನ್ನೊಂದು ಇಲ್ಲಿ. ಎರಡೂ ಸಲ ಹಗಲು ರಾತ್ರಿ ನೋವು ತಿಂದಿದ್ದಳು. ಎರಡೂ ಮಕ್ಕಳು ಅಳಲೇ ಇಲ್ಲ. ಹಾದಿ ಕಿರಿದು ಎಂದು ಯಾರೋ ನರ್ಸ್ ಹೇಳಿದ್ದಳಂತೆ. ಮೂರನೆಯ ಸಲ ಬಸುರಾದಾಗ ನೀಲಕ್ಕ ತೀರ್ಮಾನ ಮಾಡಿಬಿಟ್ಟಿದ್ದಳು. ನೋವು ಶುರುವಾಗುವ ಮೊದಲೇ ಹೊಟ್ಟೆ ಕೊಯ್ಯಿಸಿ ಮಗುವನ್ನು ಜೀವಂತ ಎತ್ತಿಸಿಕೊಳ್ಳಬೇಕು. ಎದುರು ಖೋಲಿಯ ಮರಾಠಿ ಹೆಂಗಸಿನ ತಂಗಿಗೆ ಹಾಗೆ ಮಾಡಿದ್ದರಂತೆ.

ಅಮ್ಮ ದಂಗಾದರು. "ಎಂಥದು ಮಾರಾಯ್ತಿ, ಹೊಟ್ಟೆ ಕೊಯ್ಯಿರಿ ಅಂತ ಯಾರಾದ್ರೂ ಕೇಳಿಕೊಂಡು ಹೋಗ್ತಾರಾ?"

"ಮತ್ತ ಸತ್ತ ಕೂಸು ಕೊಡ್ರಿ ಅಂತ ಕೇಳ್ಕೊಂಡ್ ಹೋಗ್ಲೇನ್ರೀ?" ಎಂದಳು ನೀಲಕ್ಕ.

ಇಬ್ಬರು ಹೇಳಿದ್ದೂ ಸರಿ ಅನ್ನಿಸಿ ನನಗೆ ತಲೆ ಕೆಟ್ಟಿತು.

ಇಂಗ್ಲಿಷ್ ಬೇಕಾದರೆ ಇರಲಿ ಎಂದು ಪರೇಲಿನ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದಳು. ಹೆರಿಗೆ ವಿಭಾಗದ ಬೆಂಚಿನಲ್ಲಿ ಕೂತಿದ್ದವರು ನನಗೂ ಎಷ್ಟು ತಿಂಗಳು ಎಂದು ಕೇಳಿದರು. ನಾಚಿಕೆಯಿಂದ ನೆಲ ನೋಡುತ್ತ ಕೂತೆ. ನಾನು ಮಾತಾಡುತ್ತೇನೆ ಎಂದರೆ ನೀಲಕ್ಕ ಒಪ್ಪಲಿಲ್ಲ. "ಹೊಟ್ಟಿ ನಂದು, ನಾನ ಹೇಳ್ತೀನಿ. ನೀ ಸುಮ್ನ ಬಾಜೂಕ ನಿಂದ್ರು."

ದೊಡ್ಡ ಡಾಕ್ಟರು ಬಿಳಿ ಮೀಸೆಯ ಮನುಷ್ಯ, ಮಾತಿನಲ್ಲಿ ಅವಸರ. ನೀಲಕ್ಕ ನೇರವಾಗಿ ಹೇಳಿದಳು, "ಸಾಬ್, ಮೇರಾ ಬಚ್ಚಾ ನಿಕಾಲ್ ದೋ."

ಡಾಕ್ಟರು ಅವಳ ಹೊಟ್ಟೆ ನೋಡಿ ಕೆರಳಿದರು. ಎಂಟು ತಿಂಗಳಾದ ಮೇಲೆ ತೆಗೆಸಲು ಬಂದಿದ್ದೀಯಾ, ಜೈಲಿಗೆ ಹೋಗಬೇಕೇ ಎಂದು ಗದರಿದರು. ಆ ಮಾತಿಗೆ ಗರ್ಭ ಇಳಿಸುವುದು ಎಂಬ ಅರ್ಥವಿದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? "ನಹೀಂ ಸಾಬ್, ಆಪರೇಷನ್," ಎಂದಳು ನೀಲಕ್ಕ.

ಆ ಪದ ಕೇಳಿದ್ದೇ ಡಾಕ್ಟರ ಮುಖ ಅರಳಿತು. ಆ ವರ್ಷಗಳಲ್ಲಿ ಆಪರೇಷನ್ ಅಂದರೆ ಊರಿಗೆಲ್ಲ ಒಂದೇ ಅರ್ಥ, ಮುಂದೆ ಮಕ್ಕಳಾಗದಂತೆ ಮಾಡುವುದು. ಬಸ್ಸು, ಗೋಡೆ, ಎಲ್ಲೆಲ್ಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ.

"ಬಚ್ಚೇ ಕಿತ್ನೇ?" ಎಂದು ಮಕ್ಕಳ ಲೆಕ್ಕ ಕೇಳಿದರು.

"ದೋ. ಯೇ ತೀಸ್ರಾ," ಎಂದಳು ನೀಲಕ್ಕ. ಹೆತ್ತದ್ದನ್ನು ಅವಳು ಲೆಕ್ಕದಿಂದ ಬಿಡುತ್ತಿರಲಿಲ್ಲ.

ಶಾಬಾಸ್, ಜಾಣೆ, ಹೆರಿಗೆಯಾದ ಕೂಡಲೇ ಮಾಡಿಬಿಡೋಣ ಎಂದು ಡಾಕ್ಟರು ನರ್ಸಿಗೂ ಹೇಳಿದರು. ನೀಲಕ್ಕನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಏನೋ ತಪ್ಪಿದಂತೆ ಅನ್ನಿಸಿತು. ಹೆರಿಗೆಯಾದ ಮೇಲೆ ಅಂತಿದ್ದಾರಲ್ಲ ಎಂದು ಅವಳ ಕಿವಿಯಲ್ಲಿ ಹೇಳಿದೆ.

"ಹಡದ ಮ್ಯಾಲ ಯಾಕ ಕೊಯ್ತಾರ?" ಎಂದು ನನ್ನನ್ನೇ ನೋಡಿದಳು. ಆಮೇಲೆ ಡಾಕ್ಟರ ಮೇಜಿಗೆ ಎರಡೂ ಕೈ ಊರಿ ನಿಂತಳು. "ಸಾಬ್, ದೋ ಬಚ್ಚಾ ಆಯಾ, ರೋಯಾ ನಹೀಂ. ಮಿಟ್ಟಿ ಮೇ ರಖಾ. ಯೇ ರೋನಾ ಮಂಗ್ತಾ." ಎರಡು ಅಳದೆ ಮಣ್ಣಿಗೆ ಹೋದವು, ಇದು ಅಳಬೇಕು ಎಂದು ಹೊಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು.

ಡಾಕ್ಟರು ಮೊದಲ ಬಾರಿಗೆ ಅವಸರ ಬಿಟ್ಟರು. ಕೂರಿಸಿಕೊಂಡು ಎರಡೂ ಹೆರಿಗೆಯ ಕಥೆ ಕೇಳಿದರು, ಈ ಸಲ ನನ್ನ ಬಾಯಿಂದ. ಕೊನೆಗೆ ಅವರು ಹೇಳಿದ್ದು "ದೇಖೇಂಗೆ" ಅಷ್ಟೇ.

ಬಸ್ಸಿನುದ್ದಕ್ಕೂ ಅದೇ ಚರ್ಚೆ. "ನೋಡೂಣು ಅಂದ್ರ ನಮ್ಮ ಕಡೆ ಇಲ್ಲ ಅಂತ ಅರ್ಥ. ಇವರದ್ರಾಗ ಏನರ್ಥ ತಂಗಿ?"

ತಿಂಗಳು ತುಂಬುವ ಮೊದಲೇ ಅವಳನ್ನು ಸೇರಿಸಿಕೊಂಡರು. ಒಂದು ಬೆಳಿಗ್ಗೆ ನರ್ಸ್ ಹೊರಗೆ ಬಂದು ಆಪರೇಷನ್ ಮಾಡಬೇಕು ಎಂದಳಂತೆ, ಬಸಪ್ಪ "ಹಾಂ" ಎಂದನಂತೆ. ಹೆಣ್ಣು ಮಗು. ನಾನು ನೋಡಲು ಹೋದಾಗ ವಾರ್ಡೆಲ್ಲ ಕೇಳುವಂತೆ ಅಳುತ್ತಿತ್ತು. ನೀಲಕ್ಕ ಸಮಾಧಾನ ಮಾಡುವ ಗೋಜಿಗೇ ಹೋಗದೆ ಕೇಳುತ್ತ ಮಲಗಿದ್ದಳು. ನನಗೂ ಅಳು ಬಂತು.

ಮುಂದೆ ಬಸಪ್ಪನಿಗೆ ಅಂಧೇರಿಯಲ್ಲಿ ಕೆಲಸ ಸಿಕ್ಕಿ ಅವರು ಚಾಳು ಬಿಟ್ಟರು. ಕೆಲವು ವರ್ಷಗಳ ನಂತರ ದಾದರ್ ಸ್ಟೇಷನ್ನಿನಲ್ಲಿ ನೀಲಕ್ಕ ಸಿಕ್ಕಳು. ಕೈ ಹಿಡಿದು ಹೂವಿನ ಫ್ರಾಕಿನ ಮಗಳು. ಇದರ ಬೆನ್ನಿಗೆ ಇನ್ನೊಂದು ಇಲ್ಲವಾ ಎಂದು ಮಾತಿಗೆ ಕೇಳಿದೆ.

"ಆಗ್ಲೇ ಇಲ್ಲ ತಂಗಿ. ಅವತ್ತು ಒಳಗ ಕೂಸು ತಗಿಯೂದೊಂದ ಮಾಡಿದ್ರೋ, ಎರಡೂ ಮಾಡಿದ್ರೋ."

"ಹೋಗಿ ಕೇಳಬಹುದಿತ್ತಲ್ಲ ನೀಲಕ್ಕ?"

"ಏನಂತ ಕೇಳ್ಲಿ? ಎರಡಕ್ಕೂ ಅವರು ಆಪರೇಷನ್ ಅಂತಾರ."

ಎರಡಕ್ಕೂ ಇರುವ ಬೇರೆ ಬೇರೆ ಹೆಸರು ಹೇಳಿಕೊಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಲೋಕಲ್ ರೈಲು ಬಂತು. ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳು ಹೆಂಗಸರ ಡಬ್ಬಿಗೆ ನುಗ್ಗಿದಳು. ಆಮೇಲೆ ಎಂದೂ ಅವಳು ನನಗೆ ಸಿಗಲಿಲ್ಲ.